ಮೊದಲ ದಿನ ಕೈ ಬಿಗಿ, ಹತ್ತನೇ ದಿನ ಧಾರಾಳ

ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತವರು, ಡಾಕ್ಟರು ಹೊರಬಂದ ಕೂಡಲೇ ಎದ್ದು ನಿಂತು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಯಾವ ಇಂಜೆಕ್ಷನ್ ಕೊಡ್ತಾ ಇದೀರಿ ಸಾರ್? ಇದಕ್ಕಿಂತ ಸ್ಟ್ರಾಂಗ್ ಇರೋದು ಇದ್ರೆ ಬರ್ಕೊಡಿ, ತಂದುಬಿಡ್ತೀವಿ.’ ದುಡ್ಡು ಹೊಂದಿಸಿಕೊಂಡು ಔಷಧಿ ಚೀಟಿಗಾಗಿ ಕಾಯುವ ಮನೆಯವರಿಗೆ ಈ ಪ್ರಶ್ನೆ ಸಹಜ. ಆದರೆ ಒಳಗೆ, ಬೆಳಗಿನ ರೌಂಡ್ಸ್‌ನಲ್ಲಿ ವೈದ್ಯರ ನಡುವೆ ನಡೆಯುವ ಚರ್ಚೆಯೂ ಬಹುಪಾಲು ಔಷಧಿಯ ಹೆಸರಿನ ಸುತ್ತಲೇ ಸುತ್ತುತ್ತದೆ. ಎಷ್ಟು ಕೊಡಬೇಕು, ಎಷ್ಟು ಹೊತ್ತು ಹರಿಸಬೇಕು, ಯಾವ ದಿನ ನಿಲ್ಲಿಸಬೇಕು ಎಂಬುದು ಕೇಸ್ ಶೀಟಿನಲ್ಲಿ ಅರ್ಧ ಸಾಲು. ಆ ಅರ್ಧ ಸಾಲು ವಯಲ್ ಜೊತೆ ಬರುವ ಚೀಟಿಯಲ್ಲಿ ಅಚ್ಚಾದದ್ದರ ನಕಲು. ಆ ಚೀಟಿಯ ಲೆಕ್ಕಕ್ಕೆ ತಳಹದಿಯಾದ ಅಳತೆಗಳು ಬಹಳ ಮಟ್ಟಿಗೆ ಆರೋಗ್ಯವಂತ ಸ್ವಯಂಸೇವಕರ ಮತ್ತು ಅಷ್ಟೇನೂ ಕಾಯಿಲೆಯಿಲ್ಲದ ರೋಗಿಗಳ ಮೈಯಲ್ಲಿ ತೆಗೆದಂಥವು.

ತೀವ್ರ ನಿಗಾ ಘಟಕದ ನ್ಯುಮೋನಿಯಾಕ್ಕೆ ಆಂಟಿಬಯೋಟಿಕ್ ಡೋಸ್ ನಿರ್ಧರಿಸುವ ಬಗ್ಗೆ ಕಳೆದ ಎರಡು ದಶಕಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಹರವಿಕೊಂಡು ನೋಡಿದರೆ ನನಗೆ ಕಾಣುವುದು ಒಂದು ತಲೆಕೆಳಗಾದ ರೂಢಿ. ಬ್ಯಾಕ್ಟೀರಿಯಾ ಎದೆಯಲ್ಲಿ ಕೋಟಿಗಟ್ಟಲೆ ತುಂಬಿಕೊಂಡಿರುವ ಮೊದಲ ಎರಡು ದಿನ ಔಷಧಿ ಸಾಲದೆ ಹೋಗುತ್ತದೆ. ಅವು ಬಹುಪಾಲು ಸತ್ತ ಮೇಲೆ, ಎರಡನೇ ವಾರದಲ್ಲಿ, ಅದೇ ಔಷಧಿ ಅಗತ್ಯಕ್ಕೆ ಮೀರಿ ಹರಿಯುತ್ತಿರುತ್ತದೆ. ಮೊದಲು ಕೈ ಬಿಗಿ, ಆಮೇಲೆ ಧಾರಾಳ. ಆಗಬೇಕಾದದ್ದು ಇದರ ತಿರುವು ಮುರುವು.

ಮೊದಲಿಗೆ ಕಾಯಿಲೆಯ ಪರಿಚಯ, ಚುಟುಕಾಗಿ. ಮನೆಯಲ್ಲೇ ಹತ್ತಿದ ನ್ಯುಮೋನಿಯಾ ಉಲ್ಬಣಿಸಿ ಐಸಿಯು ಸೇರುವವರು ಒಂದು ಗುಂಪು. ಬೇರಾವುದೋ ಕಾರಣಕ್ಕೆ ಆಸ್ಪತ್ರೆ ಸೇರಿ 48 ಗಂಟೆ ಕಳೆದ ಮೇಲೆ ಶ್ವಾಸಕೋಶದ ಸೋಂಕು ಹತ್ತಿಸಿಕೊಂಡವರು ಇನ್ನೊಂದು. ಅವರಲ್ಲೇ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್ ಮೇಲಿರುವಾಗ ಸೋಂಕು ತಗುಲಿದವರು ಮೂರನೆಯ, ಅತ್ಯಂತ ಕಷ್ಟದ ಗುಂಪು. ಮೊದಲ ಗುಂಪಿನಲ್ಲಿ ನ್ಯುಮೋಕಾಕಸ್‌ನಂಥ, ಮಾತು ಕೇಳುವ ಬ್ಯಾಕ್ಟೀರಿಯಾಗಳು ಹೆಚ್ಚು. ಕೊನೆಯ ಗುಂಪಿನಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್. ನಮ್ಮ ದೇಶದ ಆಸ್ಪತ್ರೆಗಳಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಲೆಹಾಕುವ ವರದಿಗಳಲ್ಲಿ ಅಸಿನೆಟೊಬ್ಯಾಕ್ಟರ್ ಮಾದರಿಗಳ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಪಾಲು ಮೆರೊಪೆನೆಮ್ ವರ್ಗದ ಔಷಧಿಗಳಿಗೆ ಬಗ್ಗುತ್ತಿಲ್ಲ. ಹೊಸ ಔಷಧಿ ಬರುವ ದಾರಿ ಉದ್ದ, ಬಂದರೂ ಬೆಲೆ ದುಬಾರಿ. ಕೈಯಲ್ಲಿರುವ ಔಷಧಿಯನ್ನು ಸರಿಯಾಗಿ ಕೊಡುವುದು ಹೇಗೆಂಬ ಪ್ರಶ್ನೆ ನಮಗೆ ಬೇರೆಯವರಿಗಿಂತ ಹೆಚ್ಚು ತುರ್ತಿನದು.

ಪ್ರತಿ ಬ್ಯಾಕ್ಟೀರಿಯಾಕ್ಕೂ ಪ್ರತಿ ಔಷಧಿಗೂ ನಡುವೆ ಒಂದು ಗೆರೆಯಿರುತ್ತದೆ. ಪ್ರಯೋಗಾಲಯದಲ್ಲಿ ಔಷಧಿಯ ಸಾಂದ್ರತೆಯನ್ನು ಹೆಚ್ಚಿಸುತ್ತ ಹೋದಾಗ ಯಾವ ಮಟ್ಟದಲ್ಲಿ ಬೆಳವಣಿಗೆ ನಿಲ್ಲುತ್ತದೋ ಅದು ಆ ಗೆರೆ. ವೈದ್ಯರ ಬಾಯಲ್ಲಿ ಅದು ಎಂಐಸಿ. ರಕ್ತದಲ್ಲಿ ಔಷಧಿ ಈ ಗೆರೆಯ ಮೇಲೆ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದು ಕೆಲವು ಔಷಧಿಗಳಿಗೆ ಮುಖ್ಯ, ಎಷ್ಟು ಹೊತ್ತು ಮೇಲೆ ಉಳಿಯುತ್ತದೆ ಎಂಬುದು ಇನ್ನು ಕೆಲವಕ್ಕೆ. ಪೆನ್ಸಿಲಿನ್ ಎರಡನೆಯ ಜಾತಿಗೆ ಸೇರಿದ್ದೆಂದು ಅಮೆರಿಕದ ಹ್ಯಾರಿ ಈಗಲ್ 1940ರ ದಶಕದ ಕೊನೆಗೂ 1950ರ ದಶಕದ ಮೊದಲಿಗೂ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ತೋರಿಸಿಕೊಟ್ಟಿದ್ದರು. ಮಟ್ಟವನ್ನು ಗೆರೆಗಿಂತ ನಾಲ್ಕೈದು ಪಟ್ಟು ಮೇಲೇರಿಸಿದ ಮೇಲೆ ಇನ್ನೂ ಏರಿಸಿದರೆ ಹೆಚ್ಚಿನ ಲಾಭವಿಲ್ಲ. ಗೆರೆಯ ಕೆಳಗೆ ಇಳಿದರೆ ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಮತ್ತೆ ಬೆಳೆಯುತ್ತವೆ. ಮುಂದೆ ವಿಸ್ಕಾನ್ಸಿನ್‌ನ ವಿಲಿಯಂ ಕ್ರೇಗ್ ಇಲಿಗಳ ತೊಡೆಯಲ್ಲಿ ಸೋಂಕು ಹುಟ್ಟಿಸಿ ಒಂದೊಂದೇ ಔಷಧಿಯನ್ನು ಅಳೆದು, 1998ರ ಹೊತ್ತಿಗೆ ಇಡೀ ಆಂಟಿಬಯೋಟಿಕ್ ಸಂಸಾರವನ್ನು ಈ ಲೆಕ್ಕದಲ್ಲಿ ವಿಂಗಡಿಸಿಟ್ಟರು. ಪೆನ್ಸಿಲಿನ್, ಸೆಫಲೋಸ್ಪೊರಿನ್, ಮೆರೊಪೆನೆಮ್ ಎಲ್ಲವೂ ಸೇರುವ ಬೀಟಾ-ಲ್ಯಾಕ್ಟಮ್ ಮನೆತನಕ್ಕೆ ಹೊತ್ತು ಮುಖ್ಯ. ಅಮಿಕಾಸಿನ್, ಜೆಂಟಾಮೈಸಿನ್‌ಗಳಿಗೆ ಎತ್ತರ ಮುಖ್ಯ. ವ್ಯಾಂಕೊಮೈಸಿನ್‌ಗೆ ದಿನದ ಒಟ್ಟು ಮೊತ್ತ.

ರಾಗಿ ಹೊಲದವರಿಗೆ ಈ ಭೇದ ಬಿಡಿಸಿ ಹೇಳಬೇಕಿಲ್ಲ. ಒಂದು ಗಂಟೆ ಧೋ ಎಂದು ಸುರಿದು ಹಳ್ಳ ಸೇರುವ ಮಳೆಯೂ ನೀರೇ, ಮೂರು ದಿನ ಹಿಡಿದು ಬೀಳುವ ಸೋನೆಯೂ ನೀರೇ. ಕೆರೆ ತುಂಬುವುದು ಮೊದಲನೆಯದರಿಂದ, ಹೊಲ ನೆನೆಯುವುದು ಎರಡನೆಯದರಿಂದ.

ಹಾಗಿದ್ದೂ ಬೀಟಾ-ಲ್ಯಾಕ್ಟಮ್‌ಗಳನ್ನು ನಾವು ದಶಕಗಟ್ಟಲೆ ಧೋ ಎಂದೇ ಸುರಿದಿದ್ದೇವೆ: ಅರ್ಧ ಗಂಟೆಯ ಡ್ರಿಪ್, ಎಂಟು ಗಂಟೆಗೊಮ್ಮೆ. ಆರೋಗ್ಯವಂತರ ಮೈಯಲ್ಲಿ ಮೆರೊಪೆನೆಮ್ ಸುಮಾರು ಒಂದು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಐದು ಗಂಟೆ ಕಳೆದರೆ ಉಳಿಯುವುದು ಮೂವತ್ತೆರಡನೇ ಒಂದು ಪಾಲು. ಔಷಧಿಗೆ ಸುಲಭವಾಗಿ ಮಣಿಯುವ ಬ್ಯಾಕ್ಟೀರಿಯಾ ಆದರೆ ಅಷ್ಟೂ ಸಾಕು, ಅದರ ಗೆರೆ ಅಷ್ಟು ಕೆಳಗಿರುತ್ತದೆ. ಐಸಿಯು ಗೋಡೆಗಳ ನಡುವೆ ತಲೆಮಾರುಗಳಿಂದ ಔಷಧಿ ಕಂಡುಂಡ ಸ್ಯೂಡೋಮೊನಾಸ್‌ನ ಗೆರೆ ಮೇಲಿರುತ್ತದೆ. ಅಲ್ಲಿ ಎರಡು ಡೋಸ್‌ಗಳ ನಡುವೆ ಗಂಟೆಗಟ್ಟಲೆ ಔಷಧಿ ಇದ್ದೂ ಇಲ್ಲದಂತೆ.

ಇದರ ಮೇಲೆ ಮೈಯೇ ಬದಲಾಗುತ್ತದೆ. ಸೋಂಕು ರಕ್ತಕ್ಕಿಳಿದು ಬಿಪಿ ಕುಸಿದಾಗ ರಕ್ತನಾಳಗಳು ಸೋರುತ್ತವೆ. ಬಿಪಿ ಎತ್ತಲೆಂದು ಹರಿಸಿದ ಲೀಟರುಗಟ್ಟಲೆ ಸಲೈನ್ ಕೈಕಾಲುಗಳಲ್ಲಿ ಊತವಾಗಿ ನಿಲ್ಲುತ್ತದೆ. ನೀರಿನಲ್ಲಿ ಕರಗುವ ಔಷಧಿ ಆ ನೀರನ್ನೇ ಹಿಂಬಾಲಿಸುತ್ತದೆ. ಒಂದು ಚೊಂಬಿಗೆ ಹಾಕುತ್ತಿದ್ದ ಉಪ್ಪನ್ನು ಕೊಡಪಾನಕ್ಕೆ ಹಾಕಿದ ಹಾಗೆ, ಅದೇ ಡೋಸ್ ಸಪ್ಪೆಯಾಗುತ್ತದೆ. ಜೊತೆಗೆ ಮೂತ್ರಪಿಂಡದ ಆಟ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪೆನ್ಸಿಲಿನ್ ಚಿಕಿತ್ಸೆ ಪಡೆದ ಪೊಲೀಸ್ ಕಾನ್‌ಸ್ಟೆಬಲ್ ಆಲ್ಬರ್ಟ್ ಅಲೆಕ್ಸಾಂಡರ್ ಅವರ ಮೂತ್ರವನ್ನು ಕೂಡಿಟ್ಟು, ಅದರಿಂದ ಪೆನ್ಸಿಲಿನ್ ಬಸಿದು ತೆಗೆದು ಮತ್ತೆ ಅವರಿಗೇ ಚುಚ್ಚಿದ್ದರು. ಚೇತರಿಸಿಕೊಳ್ಳುತ್ತಿದ್ದ ಅವರು ಔಷಧಿ ತೀರಿಹೋದ ಮೇಲೆ ಮಾರ್ಚಿನಲ್ಲಿ ಸತ್ತರು. ಮೂತ್ರಪಿಂಡ ಪೆನ್ಸಿಲಿನ್ನನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂಬ ಪಾಠ ಮೊಟ್ಟಮೊದಲ ರೋಗಿಗಳಿಂದಲೇ ಸಿಕ್ಕಿತ್ತು. ಗಂಭೀರ ಕಾಯಿಲೆಯಲ್ಲಿ, ಅದರಲ್ಲೂ ಅಪಘಾತದಲ್ಲಿ ಪೆಟ್ಟಾದ ಯುವಕರಲ್ಲಿ, ಸುಟ್ಟಗಾಯದವರಲ್ಲಿ ಆ ಮೂತ್ರಪಿಂಡ ಇನ್ನೂ ಜೋರಾಗಿ ಓಡುತ್ತದೆ. ನಿಮಿಷಕ್ಕೆ 130 ಮಿಲಿಲೀಟರ್‌ಗಿಂತ ಹೆಚ್ಚು ರಕ್ತವನ್ನು ಕ್ರಿಯಾಟಿನಿನ್ ಎಂಬ ಕಸದಿಂದ ಚೊಕ್ಕ ಮಾಡುತ್ತಿದ್ದರೆ ಅದನ್ನು ಅತಿವೇಗದ ಮೂತ್ರಪಿಂಡ ಎನ್ನುತ್ತಾರೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಜೆಫ್ರಿ ಲಿಪ್ಮನ್, ಜೇಸನ್ ರಾಬರ್ಟ್ಸ್ ಮತ್ತವರ ಬಳಗ ಈ ವಿದ್ಯಮಾನದ ಬೆನ್ನು ಬಿದ್ದು ವೈದ್ಯಲೋಕದ ಗಮನಕ್ಕೆ ತಂದರು. ಇಲ್ಲಿನ ಅಪಾಯ ಲ್ಯಾಬ್ ವರದಿಯಲ್ಲಿ ಕಾಣುವುದಿಲ್ಲ. ಕ್ರಿಯಾಟಿನಿನ್ 0.6 ಎಂದು ಬಂದರೆ ‘ಕಿಡ್ನಿ ನಾರ್ಮಲ್’ ಎಂದು ಹಾಳೆ ಮಗುಚುತ್ತೇವೆ. ಔಷಧಿ ಅಷ್ಟರಲ್ಲಿ ಯೂರಿನ್ ಬ್ಯಾಗಿನಲ್ಲಿರುತ್ತದೆ.

2014ರಲ್ಲಿ ಪ್ರಕಟವಾದ ‘ಡಾಲಿ’ ಅಧ್ಯಯನ ಈ ಅನುಮಾನಕ್ಕೆ ಅಂಕಿ ಕೊಟ್ಟಿತು. ಹತ್ತು ದೇಶಗಳ 68 ಆಸ್ಪತ್ರೆಗಳ ಐಸಿಯು ರೋಗಿಗಳ ರಕ್ತದಲ್ಲಿ ಬೀಟಾ-ಲ್ಯಾಕ್ಟಮ್ ಮಟ್ಟವನ್ನು ಅಳೆದರು. ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ನೂರಕ್ಕೆ 16 ಮಂದಿಗೆ ಎರಡು ಡೋಸ್‌ಗಳ ನಡುವಿನ ಅರ್ಧ ಹೊತ್ತೂ ಔಷಧಿ ಗೆರೆಯ ಮೇಲಿರಲಿಲ್ಲ. ಅರ್ಧ ಹೊತ್ತು ಎಂಬುದು ಅತ್ಯಂತ ಉದಾರವಾದ ಗುರಿ. ಪೂರ್ತಿ ಹೊತ್ತು ಮೇಲಿರಬೇಕೆಂಬುದು ಇಂದಿನ ಹಲವು ತಜ್ಞರ ಅಪೇಕ್ಷೆ. ಆ ಕನಿಷ್ಠವನ್ನೂ ಮುಟ್ಟದವರು ಗುಣವಾಗುವ ಸಾಧ್ಯತೆ ಉಳಿದವರಿಗಿಂತ ಕಡಿಮೆಯಿತ್ತು. ಒಂದೇ ಡೋಸ್ ಪಡೆದ ರೋಗಿಗಳ ರಕ್ತದ ಮಟ್ಟಗಳು ಒಬ್ಬರಿಂದೊಬ್ಬರಿಗೆ ಹಲವಾರು ಪಟ್ಟು ಬೇರೆಯಿದ್ದವು. ನನ್ನ ಮಟ್ಟಿಗೆ ಈ ಅಧ್ಯಯನದ ನಿಜವಾದ ಸುದ್ದಿ ಅದೇ.

ಎದುರು ದಿಕ್ಕಿನ ತಪ್ಪೂ ಉಂಟು. ಕಿಡ್ನಿ ಸೋತ ವೃದ್ಧರಿಗೆ ಸೆಫೆಪೈಮ್ ಪೂರ್ತಿ ಡೋಸ್ ಮುಂದುವರಿಸಿದರೆ ಅದು ಮೈಯಲ್ಲಿ ಜಮೆಯಾಗಿ ಮಿದುಳಿಗೆ ತಟ್ಟುತ್ತದೆ; ಮಂಪರು, ಬಡಬಡಿಕೆ, ಕೆಲವೊಮ್ಮೆ ಫಿಟ್ಸ್. ಆಗ ‘ಸೋಂಕು ತಲೆಗೇರಿತು’ ಎಂದು ತಪ್ಪು ತಿಳಿಯುವ ಸಂಭವವಿದೆ. ಆದರೆ ಈ ಭಯ ನಮ್ಮನ್ನು ತಪ್ಪು ಹೊತ್ತಿನಲ್ಲಿ ಕಾಡುತ್ತದೆ. ಆಸ್ಪತ್ರೆ ಸೇರುವಾಗ ಕ್ರಿಯಾಟಿನಿನ್ ಏರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ 48 ಗಂಟೆಯೊಳಗೆ ಕಿಡ್ನಿ ಚೇತರಿಸುತ್ತದೆಂದು 2019ರ ಒಂದು ಅಮೆರಿಕನ್ ಪರಿಶೀಲನೆ ಕಂಡಿತು. ನಾವು ಬಾಗಿಲಲ್ಲೇ ಡೋಸ್ ಅರ್ಧ ಮಾಡಿದರೆ ಯಾವ ಎರಡು ದಿನ ಔಷಧಿ ಅತ್ಯಗತ್ಯವೋ ಆ ಎರಡು ದಿನವೇ ಅದು ಅರ್ಧವಾಗುತ್ತದೆ. ಮೊದಲ ಡೋಸ್‌ಗೂ ಕಿಡ್ನಿಗೂ ಸಂಬಂಧವೇ ಇಲ್ಲ. ಕೊಡಪಾನ ತುಂಬಲು ಎಷ್ಟು ಬೇಕೆಂಬುದು ಕೊಡಪಾನದ ಅಳತೆಯಿಂದ ತಿಳಿಯುತ್ತದೆ. ತೂತಿನ ಲೆಕ್ಕ ಬರುವುದು ಆಮೇಲೆ. ಡೋಸ್ ಬಗ್ಗೆ ಒಂದೇ ಮಾತು ನೆನಪಿಟ್ಟುಕೊಳ್ಳಿ ಎಂದರೆ ಎಳೆಯ ವೈದ್ಯರಿಗೆ ನಾನು ಹೇಳುವುದು ಇದನ್ನೇ.

ರಕ್ತದವರೆಗೆ ಔಷಧಿ ಬಂತು. ಆದರೆ ಕಾಯಿಲೆ ಇರುವುದು ಶ್ವಾಸಕೋಶದ ಗಾಳಿಗೂಡಿನಲ್ಲಿ. ಅಲ್ಲಿ ಗೋಡೆಗೆ ಹತ್ತಿದ ತೆಳು ದ್ರವದ ಪದರದಲ್ಲಿ ಬ್ಯಾಕ್ಟೀರಿಯಾ ವಾಸ. ರಕ್ತದಿಂದ ಆ ಪದರಕ್ಕೆ ದಾಟುವಾಗ ಒಂದೊಂದು ಔಷಧಿಯದು ಒಂದೊಂದು ಗತಿ. ಲಿನೆಜೊಲಿಡ್ ಸಲೀಸಾಗಿ ದಾಟುತ್ತದೆ. ಅಮಿಕಾಸಿನ್ ಹೆಚ್ಚಿನಂಶ ಹೊರಗೇ ನಿಲ್ಲುತ್ತದೆ, ಹಾಗಾಗಿ ಒಂಟಿಯಾಗಿ ನ್ಯುಮೋನಿಯಾಕ್ಕೆ ಸಾಲದು. ಸೆಫ್ಟೊಲೊಝೇನ್-ಟಾಝೊಬ್ಯಾಕ್ಟಮ್ ಎಂಬ ಹೊಸ ಔಷಧಿಗೆ ಮೂತ್ರನಾಳದ ಸೋಂಕಿನಲ್ಲಿ ಒಂದೂವರೆ ಗ್ರಾಮಿನ ಡೋಸ್. ನ್ಯುಮೋನಿಯಾಕ್ಕೆ ಅದನ್ನು ನೇರ ದುಪ್ಪಟ್ಟು ಮಾಡಿ ಮೂರು ಗ್ರಾಂ ಗೊತ್ತುಮಾಡಿದರು, ಶ್ವಾಸಕೋಶದ ಪದರಕ್ಕೆ ತಲುಪುವುದು ಸುಮಾರು ಅರ್ಧವೇ ಎಂಬ ಅಳತೆಯ ಆಧಾರದಲ್ಲಿ. 2019ರಲ್ಲಿ 726 ವೆಂಟಿಲೇಟರ್ ರೋಗಿಗಳ ಪರೀಕ್ಷೆಯಲ್ಲಿ ಆ ಡೋಸ್ ಮೆರೊಪೆನೆಮ್‌ಗೆ ಸಮವಾಗಿ ನಿಂತಿತು.

ಡ್ಯಾಪ್ಟೊಮೈಸಿನ್‌ನ ಕಥೆ ಇನ್ನೂ ವಿಚಿತ್ರ. ಸ್ಟ್ಯಾಫಿಲೊಕಾಕಸ್, ನ್ಯುಮೋಕಾಕಸ್ ಎರಡನ್ನೂ ಗಾಜಿನ ತಟ್ಟೆಯಲ್ಲಿ ಕೊಲ್ಲುವ ಬಲಶಾಲಿ ಔಷಧಿ ಇದು. ನ್ಯುಮೋನಿಯಾ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಮಾತ್ರ ಹಳೆಯ ಸೆಫ್ಟ್ರಿಯಾಕ್ಸೋನ್ ಮುಂದೆ ಸೋತಿತು. ಕಾರಣ 2005ರಲ್ಲಿ ಬಯಲಾಯಿತು. ನಾವು ಉಸಿರು ಬಿಟ್ಟಾಗ ಗಾಳಿಗೂಡುಗಳು ಅಂಟಿಕೊಂಡು ಮುಚ್ಚಿಹೋಗದಂತೆ ಕಾಯುವ ಸಾಬೂನಿನಂಥ ದ್ರವ್ಯ, ಸರ್ಫ್ಯಾಕ್ಟಂಟ್, ಔಷಧಿಯನ್ನೇ ಹಿಡಿದು ನಿಷ್ಕ್ರಿಯಗೊಳಿಸುತ್ತಿತ್ತು. ಡೋಸ್ ಏರಿಸಿ ಗೆಲ್ಲಬಹುದಾದ ಆಟವಲ್ಲ ಅದು. ಲ್ಯಾಬ್ ವರದಿಯಲ್ಲಿ ‘ಸೆನ್ಸಿಟಿವ್’ ಎಂದು ಬಂದ ಮಾತ್ರಕ್ಕೆ ಶ್ವಾಸಕೋಶದಲ್ಲಿ ಕೆಲಸ ಮಾಡುತ್ತದೆಂಬ ಖಾತ್ರಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಔಷಧಿಯನ್ನು ನೆಬ್ಯುಲೈಝರ್ ಮೂಲಕ ನೇರ ಶ್ವಾಸಕೋಶಕ್ಕೇ ಕಳಿಸಿದರಾಯಿತಲ್ಲ ಎನ್ನಬಹುದು. ಬಂದ ನ್ಯುಮೋನಿಯಾವನ್ನು ಗುಣಪಡಿಸಲು ಅಮಿಕಾಸಿನ್ ಹೊಗೆಯನ್ನು ಸೇರಿಸಿ ಕೊಟ್ಟ ದೊಡ್ಡ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ಬರದಂತೆ ತಡೆಯಲು ಮೂರು ದಿನ ಕೊಟ್ಟಾಗ, 2023ರ ಫ್ರೆಂಚ್ ಅಧ್ಯಯನದಲ್ಲಿ, ವೆಂಟಿಲೇಟರ್ ನ್ಯುಮೋನಿಯಾ ನೂರಕ್ಕೆ 22ರಿಂದ 15ಕ್ಕೆ ಇಳಿಯಿತು. ತಡೆಗೆ ಒದಗಿದ್ದು ಚಿಕಿತ್ಸೆಗೆ ಒದಗದಿರುವುದರಲ್ಲಿ ಅಚ್ಚರಿಯಿಲ್ಲ. ಕೀವು ತುಂಬಿ ಗಟ್ಟಿಯಾದ ಭಾಗಕ್ಕೆ ಗಾಳಿಯೇ ಹೋಗುವುದಿಲ್ಲ, ಹೊಗೆ ಹೇಗೆ ಹೋದೀತು?

ಈಗ ಸೋನೆ ಮಳೆಯ ವಿಚಾರ. ಬೀಟಾ-ಲ್ಯಾಕ್ಟಮ್‌ಗೆ ಹೊತ್ತು ಮುಖ್ಯವೆಂದಾದರೆ ಅದನ್ನು ನಿಧಾನವಾಗಿ, ಮೂರು ನಾಲ್ಕು ಗಂಟೆ ಹರಿಸಿದರೆ, ಅಥವಾ ಪಂಪ್ ಇಟ್ಟು 24 ಗಂಟೆಯೂ ನಿಲ್ಲಿಸದೆ ಹರಿಸಿದರೆ ಜೀವ ಉಳಿಯುತ್ತದೆಯೇ? ಪ್ರಶ್ನೆ ಸರಳ, ಉತ್ತರ ಸಿಗಲು ಹದಿನೇಳು ವರ್ಷ ಹಿಡಿಯಿತು. 2007ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಿಂದ ಮೊದಲ ಸದ್ದು ಬಂತು. ಅಲ್ಲೊಂದು ಆಸ್ಪತ್ರೆ ಪಿಪರಾಸಿಲಿನ್-ಟಾಝೊಬ್ಯಾಕ್ಟಮ್ ಅನ್ನು ಅರ್ಧ ಗಂಟೆಯ ಬದಲು ನಾಲ್ಕು ಗಂಟೆ ಹರಿಸುವ ಪದ್ಧತಿಗೆ ಬದಲಾಗಿತ್ತು. ಹಿಂದಿನ ಮತ್ತು ಮುಂದಿನ 194 ಸ್ಯೂಡೋಮೊನಾಸ್ ರೋಗಿಗಳನ್ನು ಹೋಲಿಸಿದಾಗ, ಅತಿ ಗಂಭೀರರಲ್ಲಿ ಹದಿನಾಲ್ಕು ದಿನದ ಸಾವು ನೂರಕ್ಕೆ 31.6ರಿಂದ 12.2ಕ್ಕೆ ಇಳಿದಿತ್ತು. ಹೀಗೆ ಅಂದಿನವರನ್ನು ಇಂದಿನವರ ಜೊತೆ ತೂಗುವ ಲೆಕ್ಕದಲ್ಲಿ ಮೋಸ ಸುಲಭ, ಅಷ್ಟು ದೊಡ್ಡ ಲಾಭವನ್ನು ನಂಬಲು ಮನಸ್ಸು ಹಿಂಜರಿಯಬೇಕು. ಹಿಂಜರಿದದ್ದು ಸರಿಯೇ ಆಯಿತು. 2015ರಲ್ಲಿ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಬ್ಲಿಂಗ್-2 ಅಧ್ಯಯನದಲ್ಲಿ, 432 ಮಂದಿಯಲ್ಲಿ, ವ್ಯತ್ಯಾಸವೇ ಕಾಣಲಿಲ್ಲ. ಮರುವರ್ಷ ಮಲೇಷ್ಯಾದ ಎರಡು ಐಸಿಯುಗಳಲ್ಲಿ 140 ಮಂದಿಯ ಅಧ್ಯಯನ ನಡೆಯಿತು. ಸತತ ಹರಿಸಿದವರಲ್ಲಿ ನೂರಕ್ಕೆ 56 ಮಂದಿ, ಬಿಟ್ಟುಬಿಟ್ಟು ಕೊಟ್ಟವರಲ್ಲಿ 34 ಮಂದಿ ಗುಣ ಕಂಡರು. 2023ರಲ್ಲಿ ಇಟಲಿ, ಕ್ರೊಯೇಷಿಯಾ, ಕಝಾಕಿಸ್ತಾನ, ರಷ್ಯಾಗಳ 607 ರೋಗಿಗಳಿಗೆ ಮೆರೊಪೆನೆಮ್ ಕೊಟ್ಟು ನೋಡಿದ ಮರ್ಸಿ ಅಧ್ಯಯನ ಮತ್ತೆ ಸೊನ್ನೆ: ಎರಡೂ ಕಡೆ ತೊಂಬತ್ತು ದಿನಕ್ಕೆ ನೂರಕ್ಕೆ 42 ಸಾವು.

ಕೊನೆಗೆ 2024ರ ಜೂನ್‌ನಲ್ಲಿ ಬ್ಲಿಂಗ್-3 ಬಂತು. ಏಳು ದೇಶ, 104 ಐಸಿಯು, ಏಳು ಸಾವಿರಕ್ಕೂ ಹೆಚ್ಚು ರೋಗಿಗಳು, ಅವರಲ್ಲಿ ಹೆಚ್ಚಿನವರ ಸೋಂಕು ಶ್ವಾಸಕೋಶದ್ದು. ತೊಂಬತ್ತು ದಿನದ ಸಾವು ಸತತ ಹರಿಸಿದವರಲ್ಲಿ ನೂರಕ್ಕೆ 24.9, ಬಿಟ್ಟುಬಿಟ್ಟು ಕೊಟ್ಟವರಲ್ಲಿ 26.8. ಸಂಖ್ಯಾಶಾಸ್ತ್ರದ ಹೊಸ್ತಿಲನ್ನು ಈ ವ್ಯತ್ಯಾಸ ಕೂದಲೆಳೆಯಲ್ಲಿ ದಾಟಲಿಲ್ಲ. ಗುಣವಾದವರ ಲೆಕ್ಕ ಮಾತ್ರ ಸ್ಪಷ್ಟ: 55.7 ಮತ್ತು 50. ಅದೇ ದಿನ ಪ್ರಕಟವಾದ ಇನ್ನೊಂದು ಲೇಖನ ಹದಿನೆಂಟು ಪರೀಕ್ಷೆಗಳ 9,108 ರೋಗಿಗಳನ್ನು ಒಟ್ಟುಗೂಡಿಸಿ, ಸತತ ಅಥವಾ ದೀರ್ಘ ಹರಿವಿನಿಂದ ಸಾವು ಕಡಿಮೆಯಾಗುತ್ತದೆ, 26 ಮಂದಿಗೆ ಹೀಗೆ ಕೊಟ್ಟರೆ ಒಂದು ಜೀವ ಹೆಚ್ಚಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಿತು. ಬ್ಲಿಂಗ್-3 ಒಂದನ್ನೇ ಹಿಡಿದು ‘ಸಾಬೀತಾಗಲಿಲ್ಲ’ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಔಷಧಿ ಅದೇ, ಗ್ರಾಂ ಅಷ್ಟೇ, ಬೆಲೆ ಹೆಚ್ಚುವುದಿಲ್ಲ. ಹಾನಿಯ ಸುಳಿವಿಲ್ಲ. ಇಂಥದ್ದನ್ನು ಒಪ್ಪಿಕೊಳ್ಳಲು ಹೊಸ ದುಬಾರಿ ಔಷಧಿಗೆ ಕೇಳುವಷ್ಟು ಕಟ್ಟುನಿಟ್ಟಿನ ಪುರಾವೆ ಕೇಳುವುದು ರೋಗಿಗೆ ಮಾಡುವ ಅನ್ಯಾಯ. ಸೆಪ್ಸಿಸ್ ಕುರಿತ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಮೊದಲು ಒಂದು ಬೇಗದ ಡೋಸ್ ಕೊಟ್ಟು ಆಮೇಲೆ ದೀರ್ಘವಾಗಿ ಹರಿಸಿ ಎಂದು ಆಗಲೇ ಸೂಚಿಸಿತ್ತು.

ಆ ‘ಮೊದಲು ಒಂದು ಬೇಗದ ಡೋಸ್’ ಎಂಬುದನ್ನು ಕೆಲವೆಡೆ ಮರೆಯುತ್ತಾರೆ. ನೇರ ಪಂಪ್‌ಗೆ ಹಾಕಿಬಿಟ್ಟರೆ ಮಟ್ಟ ಗೆರೆಯನ್ನು ಮುಟ್ಟುವುದಕ್ಕೇ ಗಂಟೆಗಳು ಕಳೆಯುತ್ತವೆ. ನಿಧಾನದ ಹರಿವು ಆಗ ಲಾಭದ ಬದಲು ನಷ್ಟ.

ಪುಸ್ತಕದಲ್ಲಿ ಬರೆಯದ ಅಡಚಣೆಗಳು ವಾರ್ಡಿನಲ್ಲಿ ಕಾದಿರುತ್ತವೆ. ನಮ್ಮ ಜಿಲ್ಲಾಸ್ಪತ್ರೆಯ ಐಸಿಯು ಒಳಗೆ ಒಂದು ಹಾಸಿಗೆಗೆ ಎರಡೇ ಸಿರಿಂಜ್ ಪಂಪ್ ಇದ್ದರೆ ಒಂದರಲ್ಲಿ ಬಿಪಿ ಎತ್ತುವ ನಾರ್‌ಅಡ್ರಿನಲಿನ್, ಇನ್ನೊಂದರಲ್ಲಿ ಮಂಪರಿನ ಔಷಧಿ. ಆಂಟಿಬಯೋಟಿಕ್ ಸರದಿ ಬರುವುದಿಲ್ಲ. ಕುತ್ತಿಗೆಯ ಲೈನಿನಲ್ಲಿ ಮೂರೇ ದಾರಿ, ಒಂದರ ಜೊತೆ ಇನ್ನೊಂದು ಬೆರೆಯದ ಔಷಧಿಗಳು ಐದಾರು. ಮೆರೊಪೆನೆಮ್ ನೀರಿನಲ್ಲಿ ಕರಗಿದ ಮೇಲೆ ಬಿಸಿಗೆ ನಿಧಾನವಾಗಿ ಕೆಡುತ್ತದೆ. ಬೆಳಿಗ್ಗೆ ಕಲಸಿದ್ದನ್ನು ಮರುದಿನ ಬೆಳಗಿನವರೆಗೆ ಹರಿಸುವಂತಿಲ್ಲ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಂಥ ಊರಿನಲ್ಲಿ ಎಸಿ ಕೈಕೊಟ್ಟ ದಿನ ಇದು ಬರೀ ಪುಸ್ತಕದ ಮಾತಲ್ಲ. ಆರೆಂಟು ಗಂಟೆಗೊಮ್ಮೆ ಹೊಸದಾಗಿ ಕಲಸಬೇಕು, ಎಂದರೆ ಸಿಸ್ಟರ್ ಕೈಗೆ ಇನ್ನೊಂದು ಕೆಲಸ. ಪಂಪ್ ಇಲ್ಲದಲ್ಲಿ ಪ್ರತಿ ಡೋಸನ್ನೂ ಮೂರು ಗಂಟೆಯ ಡ್ರಿಪ್ ಮಾಡಿ ಹನಿ ಎಣಿಸಿ ಬಿಡುವುದು ಸಾಧ್ಯ, ಅದಕ್ಕೂ ಪುರಾವೆಯ ಬೆಂಬಲವಿದೆ.

ಇನ್ನೊಂದು ಸಣ್ಣ ಸಂಗತಿಯತ್ತ ಯಾರ ಕಣ್ಣೂ ಹೋಗುವುದಿಲ್ಲ. ನೂರು ಎಂಎಲ್ ಸಲೈನಿನಲ್ಲಿ ಕಲಸಿದ ಔಷಧಿ ಬಾಟಲಿಯಲ್ಲಿ ಖಾಲಿಯಾದಾಗ ಐವಿ ಸೆಟ್ಟಿನ ಕೊಳವೆಯಲ್ಲಿ ಹದಿನೈದು ಇಪ್ಪತ್ತು ಎಂಎಲ್ ಉಳಿದಿರುತ್ತದೆ. ಬಾಟಲಿ ಖಾಲಿ ಎಂದು ಸೆಟ್ ಬಿಚ್ಚಿ ಕಸದ ಡಬ್ಬಿಗೆ ಎಸೆದರೆ ಡೋಸಿನ ಐದನೇ ಒಂದು ಪಾಲು ಕಸಕ್ಕೆ ಹೋಯಿತು. ದಿನಕ್ಕೆ ಮೂರು ಸಲ, ಏಳು ದಿನ. ಮನೆಯವರು ಒಡವೆ ಅಡವಿಟ್ಟು ತಂದ ವಯಲ್‌ಗಳು ಅವು. ಕೊನೆಯಲ್ಲಿ ಸ್ವಲ್ಪ ಸಲೈನ್ ಬಿಟ್ಟು ಕೊಳವೆ ತೊಳೆದರೆ ಮುಗಿಯಿತು. ದೊಡ್ಡ ದೊಡ್ಡ ಅಧ್ಯಯನಗಳ ಮಾತಾಡುವ ನಾವು ಈ ಇಪ್ಪತ್ತು ಎಂಎಲ್ ಕಡೆ ನೋಡುವುದಿಲ್ಲವಲ್ಲ ಎಂಬುದು ನನ್ನ ಹಳೆಯ ಸಂಕಟ.

ಬೀಟಾ-ಲ್ಯಾಕ್ಟಮ್‌ಗಳೆಲ್ಲ ಸೋತಲ್ಲಿ ನಮ್ಮ ಐಸಿಯುಗಳ ಕೊನೆಯ ಅಸ್ತ್ರ ಕೊಲಿಸ್ಟಿನ್. 1940ರ ದಶಕದಲ್ಲಿ ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಈ ಔಷಧಿಯನ್ನು ಕಿಡ್ನಿ ಕೆಡಿಸುತ್ತದೆಂದು ಮೂಲೆಗೆ ಸರಿಸಲಾಗಿತ್ತು. ಬೇರೇನೂ ಉಳಿಯದಾದಾಗ ಮತ್ತೆ ಕರೆತಂದರು. ಕೋಳಿ, ಜಾನುವಾರುಗಳಿಗೆ ಇದನ್ನು ಕೊಡುವುದನ್ನು ಭಾರತ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ, ಮನುಷ್ಯರಿಗೆ ಉಳಿಯಲೆಂದು. ಇಂದಿನ ಪರೀಕ್ಷಾ ಕ್ರಮಗಳು ಹುಟ್ಟುವ ಮೊದಲೇ ಬಂದ ಔಷಧಿಯಾದ್ದರಿಂದ ಅದರ ಡೋಸ್ ಬಹುಕಾಲ ಅಂದಾಜಿನ ವ್ಯವಹಾರ. ಕೆಲವು ದೇಶಗಳಲ್ಲಿ ಮಿಲಿಯನ್ ಯೂನಿಟ್ ಲೆಕ್ಕ, ಕೆಲವೆಡೆ ಮಿಲಿಗ್ರಾಂ. ಆ ಮಿಲಿಗ್ರಾಮಿನಲ್ಲೂ ಎರಡು ಬಗೆ. ಒಂದು ಮಿಲಿಯನ್ ಯೂನಿಟ್ ಎಂದರೆ ವಯಲ್‌ನಲ್ಲಿರುವ ಲವಣದ ಲೆಕ್ಕದಲ್ಲಿ ಸುಮಾರು 80 ಮಿಲಿಗ್ರಾಂ, ಮೂಲ ಕೊಲಿಸ್ಟಿನ್ ಲೆಕ್ಕದಲ್ಲಿ ಸುಮಾರು 33. ಒಂದು ದೇಶದ ಪುಸ್ತಕ ಓದಿ ಇನ್ನೊಂದು ದೇಶದ ವಯಲ್ ಒಡೆದರೆ ಡೋಸ್ ಎರಡೂವರೆ ಪಟ್ಟು ತಪ್ಪಬಹುದು.

ಚುಚ್ಚುವ ವಸ್ತು ಸ್ವತಃ ಔಷಧಿಯೂ ಅಲ್ಲ. ಮೈಯೊಳಗೆ ನಿಧಾನವಾಗಿ ಒಡೆದು ಕೊಲಿಸ್ಟಿನ್ ಆಗಬೇಕು. 2009ರಲ್ಲಿ ಗ್ರೀಸ್‌ನ ಐಸಿಯು ರೋಗಿಗಳ ರಕ್ತ ಅಳೆದು ನೋಡಿದಾಗ ಮೂರು ಮಿಲಿಯನ್ ಯೂನಿಟ್‌ನಿಂದ ಶುರು ಮಾಡಿದವರಲ್ಲಿ ಸಾಕಷ್ಟು ಮಟ್ಟ ತಲುಪಲು ಎರಡು ಮೂರು ದಿನ ಬೇಕಾಗುತ್ತಿತ್ತು. ಮೊದಲ ಡೋಸಿನ ನಂತರ ಸಿಕ್ಕಿದ್ದು ಕೊನೆಗೆ ಸಿಗಬೇಕಾದದ್ದರ ಕಾಲು ಭಾಗದಷ್ಟು. ಸೆಪ್ಟಿಕ್ ಶಾಕ್‌ನಲ್ಲಿರುವವರಿಗೆ ಮೂರು ದಿನ ಎಲ್ಲಿಂದ ಬರಬೇಕು? ಆ ಅಳತೆಯ ನಂತರ ಒಂಬತ್ತು ಮಿಲಿಯನ್ ಯೂನಿಟ್‌ನ ಮೊದಲ ದೊಡ್ಡ ಡೋಸ್ ರೂಢಿಗೆ ಬಂತು. ಅದಕ್ಕೂ ಮೊದಲು ಎಷ್ಟು ವರ್ಷ ನಾವು ‘ಕೊಲಿಸ್ಟಿನ್ ಕೊಟ್ಟರೂ ಉಳಿಯಲಿಲ್ಲ’ ಎಂದು ಬರೆದೆವೋ, ಆ ಸಾವುಗಳಲ್ಲಿ ಔಷಧಿ ಮೈಗೆ ತಲುಪದೆ ಆದವು ಎಷ್ಟೋ. ಇಷ್ಟಾಗಿಯೂ ರಕ್ತನಾಳದಿಂದ ಕೊಟ್ಟ ಕೊಲಿಸ್ಟಿನ್ ಶ್ವಾಸಕೋಶದ ಪದರಕ್ಕೆ ದಾಟುವುದು ಬಹಳ ಕಡಿಮೆ.

ಮಿಕ್ಕ ಎರಡು ಔಷಧಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಮಿಕಾಸಿನ್‌ಗೆ ಎತ್ತರ ಬೇಕಾದ್ದರಿಂದ ಮೂರು ಪಾಲು ಮಾಡದೆ ದಿನಕ್ಕೊಂದೇ ದೊಡ್ಡ ಡೋಸ್. ಊದಿಕೊಂಡ ಐಸಿಯು ಮೈಗೆ ಕಿಲೋಗೆ 25ರಿಂದ 30 ಮಿಲಿಗ್ರಾಂ. ವ್ಯಾಂಕೊಮೈಸಿನ್‌ನಲ್ಲಿ ಮುಂದಿನ ಡೋಸ್‌ಗೆ ಮುಂಚಿನ ಮಟ್ಟ 15ರಿಂದ 20 ಇರಲೆಂದು 2009ರ ಸಲಹೆಯಿತ್ತು. ಅದನ್ನು ಬೆನ್ನತ್ತಿ ಹಲವರ ಕಿಡ್ನಿ ಕೆಟ್ಟಿತು. 2020ರ ಹೊಸ ಸಲಹೆ ರಕ್ತದಲ್ಲಿನ ದಿನದ ಒಟ್ಟು ಮೊತ್ತವನ್ನು 400ರಿಂದ 600ರ ನಡುವೆ ಹಿಡಿದಿಡಲು ಹೇಳುತ್ತದೆ.

ಪ್ರತಿಯೊಬ್ಬರ ಮೈಯೂ ಬೇರೆಯಾದರೆ ಪ್ರತಿಯೊಬ್ಬರ ರಕ್ತವನ್ನೂ ಅಳೆದು ಡೋಸ್ ಸರಿಪಡಿಸಬಹುದಲ್ಲ? ಕಾಗದದ ಮೇಲೆ ಇದಕ್ಕಿಂತ ಸರಿಯಾದ ದಾರಿ ಇಲ್ಲ. 2022ರಲ್ಲಿ ಎರಡು ಪರೀಕ್ಷೆಗಳು ಇದನ್ನು ಒರೆಗೆ ಹಚ್ಚಿದವು. ನೆದರ್‌ಲೆಂಡ್ಸ್‌ನ ಡಾಲ್ಫಿನ್ ಅಧ್ಯಯನ ಕಂಪ್ಯೂಟರ್ ಮಾದರಿಯ ನೆರವಿನಿಂದ ಡೋಸ್ ತಿದ್ದಿತು, ಐಸಿಯು ವಾಸ ಕಡಿಮೆಯಾಗಲಿಲ್ಲ. ಜರ್ಮನಿಯ 249 ರೋಗಿಗಳಲ್ಲಿ ಪಿಪರಾಸಿಲಿನ್ ಮಟ್ಟವನ್ನು ದಿನಾ ಅಳೆದು ತಿದ್ದಿದರೂ ಅಂಗಾಂಗಗಳ ಚೇತರಿಕೆಯಲ್ಲಿ ಹೇಳಿಕೊಳ್ಳುವ ಫರಕು ಬರಲಿಲ್ಲ. ಇದನ್ನು ಓದಿ ಅಳತೆಯೇ ವ್ಯರ್ಥ ಎಂದು ತೀರ್ಮಾನಿಸುವುದು ಆತುರ. ಜರ್ಮನಿಯಲ್ಲಿ ಎರಡೂ ಗುಂಪಿಗೆ ಔಷಧಿ ಸತತ ಹರಿಯುತ್ತಿತ್ತು, ಎಂದರೆ ದೊಡ್ಡ ಲಾಭ ಆಗಲೇ ಇಬ್ಬರ ಜೇಬಿಗೂ ಬಿದ್ದಿತ್ತು. ಅಳತೆಯ ಫಲ ಬರುವ ಹೊತ್ತಿಗೆ ಮೊದಲ ದಿನವೂ ಕಳೆದಿರುತ್ತದೆ. ನಮ್ಮಲ್ಲಿ ಬೀಟಾ-ಲ್ಯಾಕ್ಟಮ್ ಅಳೆಯುವ ಲ್ಯಾಬ್‌ಗಳು ವಿರಳ. ಸದ್ಯಕ್ಕೆ ನಮಗೆ ಅದರ ಚಿಂತೆ ಬೇಡ ಎಂಬುದು ನನ್ನ ಎಣಿಕೆ. ಮೂತ್ರವನ್ನು ಎಂಟು ಗಂಟೆ ಕೂಡಿಟ್ಟು ಕಿಡ್ನಿಯ ನಿಜವಾದ ವೇಗ ಲೆಕ್ಕ ಹಾಕುವುದಕ್ಕೆ ಯಾವ ಹೊಸ ಯಂತ್ರವೂ ಬೇಡ. ಅದನ್ನಾದರೂ ಮೊದಲು ಮಾಡೋಣ.

ಇನ್ನು ನಿಲ್ಲಿಸುವ ಮಾತು. ಡೋರಿಪೆನೆಮ್ ಎಂಬ ಔಷಧಿಯ ಪಾಡು ಎಷ್ಟು ಡೋಸ್, ಎಷ್ಟು ದಿನ ಎಂಬ ಎರಡೂ ಪ್ರಶ್ನೆಗಳನ್ನು ಒಂದೇ ಕಡೆ ಗಂಟು ಹಾಕುತ್ತದೆ. ವೆಂಟಿಲೇಟರ್ ನ್ಯುಮೋನಿಯಾಕ್ಕೆ ಏಳು ದಿನದ ಡೋರಿಪೆನೆಮ್ ಅನ್ನು ಹತ್ತು ದಿನದ ಇಮಿಪೆನೆಮ್ ಜೊತೆ ಹೋಲಿಸುವ ಪರೀಕ್ಷೆಯನ್ನು 2011ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಡೋರಿಪೆನೆಮ್ ಗುಂಪಿನಲ್ಲಿ ಸಾವು ಹೆಚ್ಚಿತ್ತು. ಕೆದಕಿ ನೋಡಿದಾಗ, ಕಿಡ್ನಿ ಅತಿವೇಗದಲ್ಲಿ ಓಡುತ್ತಿದ್ದವರಲ್ಲೇ ಸೋಲು ಎದ್ದು ಕಂಡಿತು. ದಿನ ಕಡಿಮೆ ಮಾಡಿದ್ದೇ ತಪ್ಪು ಎಂದು ಕೆಲವರು ಓದಿಕೊಂಡರು. ಡೋಸ್ ಸಾಲದ ಮೈಗಳಿಗೆ ದಿನವನ್ನೂ ಕಡಿದರೆ ಎರಡು ಕಡೆಯಿಂದ ಪೆಟ್ಟು ಎಂದು ನಾನು ಓದಿಕೊಳ್ಳುತ್ತೇನೆ. ಕಡಿಮೆ ದಿನ ಸಾಕಾಗಬೇಕಾದರೆ ಮೊದಲ ದಿನಗಳ ಡೋಸ್ ತುಂಬಿರಬೇಕು.

ಡೋಸ್ ತುಂಬಿದ್ದಲ್ಲಿ ಕಡಿಮೆ ದಿನ ಸಾಕೆಂಬುದಕ್ಕೆ ಪುರಾವೆ 2003ರಿಂದಲೂ ಇದೆ. ಫ್ರಾನ್ಸಿನ 51 ಐಸಿಯುಗಳ 401 ರೋಗಿಗಳಲ್ಲಿ ಎಂಟು ದಿನ, ಹದಿನೈದು ದಿನಗಳನ್ನು ಹೋಲಿಸಿದರು. ಸಾವು 18.8 ಮತ್ತು 17.2, ಎಂದರೆ ಫರಕಿಲ್ಲ. ಸ್ಯೂಡೋಮೊನಾಸ್‌ನಂಥ ಹಟಮಾರಿ ಬ್ಯಾಕ್ಟೀರಿಯಾ ಇದ್ದವರಲ್ಲಿ ಮಾತ್ರ ಸೋಂಕು ಮರುಕಳಿಸುವುದು ಎಂಟು ದಿನದ ಗುಂಪಿನಲ್ಲಿ ಹೆಚ್ಚು, 40.6ಕ್ಕೆ 25.4. ಆದರೆ ಮರುಕಳಿಸಿದ ಸೋಂಕಿನಲ್ಲಿ ಬಹುಔಷಧ ನಿರೋಧಕ ಬ್ಯಾಕ್ಟೀರಿಯಾ ಹೆಚ್ಚು ಕಂಡದ್ದು ಹದಿನೈದು ದಿನ ಔಷಧಿ ಪಡೆದವರಲ್ಲಿ. ಸ್ಯೂಡೋಮೊನಾಸ್ ಒಂದನ್ನೇ ಹಿಡಿದು 2022ರಲ್ಲಿ ನಡೆದ ಇನ್ನೊಂದು ಫ್ರೆಂಚ್ ಅಧ್ಯಯನ ಎಂಟು ದಿನ ಸಾಕೆಂದು ಹೇಳಲಾರದೆ ನಿಂತಿತು. ಹಾಗಾಗಿ ಅಲ್ಲಿ ಕೈ ಸ್ವಲ್ಪ ತಡೆದು ನೋಡುವುದು ಸರಿ. ಅಮೆರಿಕದ 2016ರ ಮಾರ್ಗಸೂಚಿ ಮಾತ್ರ ಏಳು ದಿನ ಎಂದೇ ಬರೆದಿದೆ. ನಮ್ಮ ವಾರ್ಡುಗಳಲ್ಲಿ ಹದಿನಾಲ್ಕು ದಿನ ಇನ್ನೂ ಸಾಮಾನ್ಯ. ‘ಇರಲಿ, ಸೇಫ್ಟಿಗೆ’ ಎಂಬ ಮಾತಿನ ಬಲದ ಮೇಲೆ ಅದು ನಿಂತಿದೆ. ಆ ಸೇಫ್ಟಿಯ ಬೆಲೆಯನ್ನು ಪಕ್ಕದ ಹಾಸಿಗೆಯವರು ತೆರುತ್ತಾರೆ.

ಬ್ಲಿಂಗ್-3ರ ಏಳು ದೇಶಗಳಲ್ಲಿ ಭಾರತವಿಲ್ಲ. ಡೋಸ್ ಕುರಿತ ಹೆಚ್ಚಿನ ಅಂಕಿಗಳು ಎಂಬತ್ತು ಕಿಲೋ ತೂಗುವ, ಔಷಧಿಗೆ ಮಣಿಯುವ ಬ್ಯಾಕ್ಟೀರಿಯಾದಿಂದ ನರಳುವ ರೋಗಿಗಳವು. ನಲವತ್ತೈದು ಕಿಲೋದ, ಆಲ್ಬುಮಿನ್ ಪಾತಾಳಕ್ಕಿಳಿದ, ಅಸಿನೆಟೊಬ್ಯಾಕ್ಟರ್ ಹೊತ್ತ ನಮ್ಮ ಹಳ್ಳಿಯ ಹೆಂಗಸಿಗೆ ಅವನ್ನು ಹೊಂದಿಸುವ ಕೆಲಸ ನಮ್ಮ ಮೇಲೇ ಇದೆ. ಅದಕ್ಕೇ ಎಷ್ಟು ದಿನ ಎಂಬ ಪ್ರಶ್ನೆಗೆ ಬಂದ ಇತ್ತೀಚಿನ ಉತ್ತರ ನನಗೆ ಆಪ್ತವಾಗುವುದು. ರಿಗಾರ್ಡ್-ವ್ಯಾಪ್ ಎಂಬ ಆ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ನಡೆದದ್ದು ನೇಪಾಳ, ಥಾಯ್ಲೆಂಡ್, ಸಿಂಗಾಪುರದ 39 ಐಸಿಯುಗಳಲ್ಲಿ, ನಮ್ಮಲ್ಲಿರುವಂಥ ಬ್ಯಾಕ್ಟೀರಿಯಾಗಳ ನಡುವೆಯೇ. ಒಂದು ಗುಂಪಿಗೆ ಮಾಮೂಲಿನಂತೆ ಔಷಧಿ, ಅದು ಸಾಮಾನ್ಯವಾಗಿ ಹದಿನಾಲ್ಕು ದಿನ ನಡೆಯಿತು. ಇನ್ನೊಂದು ಗುಂಪಿನಲ್ಲಿ ರೋಗಿಯ ಚೇತರಿಕೆ ನೋಡಿ ಏಳು ದಿನದೊಳಗೆ ನಿಲ್ಲಿಸಿದರು, ಸಾಮಾನ್ಯವಾಗಿ ಆರನೇ ದಿನ. ಅರವತ್ತು ದಿನದೊಳಗೆ ಸತ್ತವರೂ ಸೋಂಕು ಮರುಕಳಿಸಿದವರೂ ಸೇರಿ ಅಲ್ಪಾವಧಿಯ ಗುಂಪಿನಲ್ಲಿ ನೂರಕ್ಕೆ 41, ಮಾಮೂಲಿ ಗುಂಪಿನಲ್ಲಿ 44. ಔಷಧಿಯ ಅಡ್ಡಪರಿಣಾಮ ಅಲ್ಪಾವಧಿಯವರಲ್ಲಿ ನೂರಕ್ಕೆ 8, ಮಾಮೂಲಿನವರಲ್ಲಿ 38. ಯಾವಾಗ ನಿಲ್ಲಿಸಬೇಕೆಂದು ತೀರ್ಮಾನಿಸಲು ಅವರು ನೋಡಿದ್ದು ಎರಡನ್ನೇ: ಜ್ವರ ಬಿಟ್ಟು 48 ಗಂಟೆ ಆಗಿದೆಯೇ, ಬಿಪಿ ನಿಂತಿದೆಯೇ. ಅದಕ್ಕೆ ಬೇಕಾದದ್ದು ಒಂದು ಥರ್ಮಾಮೀಟರ್, ಒಂದು ಬಿಪಿ ಪಟ್ಟಿ, ಮತ್ತು ಆರನೇ ದಿನ ಬೆಳಿಗ್ಗೆ ಹಾಸಿಗೆಯ ಬಳಿ ನಿಂತು ದಿನ ಎಣಿಸುವ ಒಬ್ಬ ವೈದ್ಯ.